ಬಳ್ಳಾರಿಯ ಮರಳು, ಕೋಟೆಯ ಏಣಿ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸಿಗೆ ಒಂದು ವರದಿ ಬರೆದು ಕಳಿಸಿದ. ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ತನ್ನ ಅಧೀನದ ಜಿಲ್ಲೆಗಳಿಗೆಲ್ಲ ಸುತ್ತೋಲೆ ಹೊರಡಿಸಿ, ನಿಮ್ಮಲ್ಲಿ ಊರ ಶಾಲೆಗಳು ಎಷ್ಟಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ ಎಂದು ಕೇಳಿದ್ದ. ಅನೇಕ ಕಲೆಕ್ಟರುಗಳು ಕೋಷ್ಟಕ ತುಂಬಿ ಕೈತೊಳೆದುಕೊಂಡರು. ತೆಲುಗು ವ್ಯಾಕರಣವನ್ನೇ ಬರೆದಿದ್ದ ಕ್ಯಾಂಪ್‌ಬೆಲ್‌ಗೆ ಅಷ್ಟಕ್ಕೇ ಸುಮ್ಮನಾಗುವುದು ಒಗ್ಗಲಿಲ್ಲ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು ಎಂದು ಲೆಕ್ಕ ಒಪ್ಪಿಸಿದ. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು ಎಂದು ಬಿಡಿಸಿ ಹೇಳಿದ. ಆಮೇಲೆ ಶಾಲೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಬರೆಯತೊಡಗಿದ.

ಬೆಳಿಗ್ಗೆ ಆರಕ್ಕೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯದಕ್ಕೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯದಕ್ಕೆ ಬೆತ್ತದ ಒಂದು ಮೆಲುವಾದ ಏಟು, ನಾಲ್ಕನೆಯದಕ್ಕೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತ ಹೋಗುತ್ತಿತ್ತು. ಅಕ್ಷರ ಶುರುವಾಗುತ್ತಿದ್ದುದು ನೆಲದ ಮರಳಿನ ಮೇಲೆ, ಬೆರಳಿನಿಂದ. ಕೈ ಕುದುರಿದ ಮೇಲೆ ಮರದ ಹಲಗೆ, ಇಲ್ಲವೇ ಕಡತ. ಬಟ್ಟೆಗೆ ಗಂಜಿ, ಇದ್ದಿಲು ಮೆತ್ತಿ ಕಪ್ಪು ಮಾಡಿ ಮಡಚಿದ ಆ ಕಡತದ ಮೇಲೆ ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದರು. ಇವತ್ತು ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು ಮಾತ್ರ ನೆನಪಾಗುತ್ತದೆ. ಆಗ ಅದು ಮಕ್ಕಳ ಸ್ಲೇಟು ಕೂಡ.

ಕ್ಯಾಂಪ್‌ಬೆಲ್‌ನ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎರಡು ಮಾತು. ಒಂದು ಮೆಚ್ಚುಗೆಯದು. ಈ ಶಾಲೆಗಳಲ್ಲಿ ಮೇಷ್ಟ್ರು ಒಬ್ಬರೇ. ಆದರೆ ಮುಂದೆ ಹೋದ ಮಕ್ಕಳು ಹಿಂದಿನವರಿಗೆ ಹೇಳಿಕೊಡುತ್ತಾರೆ, ಅದರಿಂದ ದೊಡ್ಡವರ ಕಲಿಕೆಯೂ ಗಟ್ಟಿಯಾಗುತ್ತದೆ, ಇಂಗ್ಲೆಂಡು ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದು ಆತ ಬರೆದ. ಇನ್ನೊಂದು ಕಟುವಾದ ಟೀಕೆ. ಮಕ್ಕಳ ಕೈಗೆ ಕೊಡುವ ಪದ್ಯಗ್ರಂಥಗಳ ಭಾಷೆ ಮನೆಯ ಮಾತಿಗೆ ದೂರ. ಹುಡುಗರು ಪದ್ಯದ ಮೇಲೆ ಪದ್ಯ ಒಪ್ಪಿಸುತ್ತಾರೆ, ಅರ್ಥ ಕೇಳಿದರೆ ಗಿಳಿಗೆ ಗೊತ್ತಿದ್ದಷ್ಟೇ ಅವರಿಗೂ ಗೊತ್ತು. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಜನರ ಬಡತನ ಕಾರಣ, ನೇಕಾರರ ಹೊಟ್ಟೆಯ ಮೇಲೆ ಹೊಡೆದ ಇಂಗ್ಲಿಷ್ ಬಟ್ಟೆಯೂ ಕಾರಣ ಎಂದು ಹೇಳುವ ಧೈರ್ಯವನ್ನೂ ಆತ ತೋರಿಸಿದ. ಹತ್ತಿರ ಹತ್ತಿರ ಹತ್ತು ಲಕ್ಷ ಜನರ ಜಿಲ್ಲೆಯಲ್ಲಿ ಶಾಲೆಯಲ್ಲಿದ್ದವರು ಏಳು ಸಾವಿರವೂ ಅಲ್ಲ.

ಇಂಗ್ಲೆಂಡು ಅನುಸರಿಸಿತು ಅಂದದ್ದು ಬಾಯಿಮಾತಲ್ಲ. 1789ರಿಂದ ಏಳು ವರ್ಷ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವನ್ನು ನೋಡಿಕೊಂಡವನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ. ಊರ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಆಶ್ರಮದಲ್ಲೂ ಅದನ್ನೇ ತರಲು ಹೊರಟ. ಸಂಬಳದ ಉಪಾಧ್ಯಾಯರು ಮೂಗು ಮುರಿದರು. ಬೆಲ್ ಅವರನ್ನು ಬದಿಗಿಟ್ಟು, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಅಕ್ಷರದ ತರಗತಿ ಒಪ್ಪಿಸಿದ. ಹುಡುಗ ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಈ ಕ್ರಮ ಬ್ರಿಟನ್ನಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ನಮ್ಮಿಂದ ಹೋದದ್ದು ಅಲ್ಲಿ ಒಂದು ಯಂತ್ರದ ಹಾಗಾಯಿತು: ದೊಡ್ಡ ಹಜಾರ, ನೂರಾರು ಮಕ್ಕಳು, ಸಾಲು ಸಾಲಾಗಿ ಮಾನಿಟರುಗಳು. ಹತ್ತೊಂಬತ್ತನೆಯ ಶತಮಾನದಲ್ಲೇ ನಮ್ಮ ಕಡೆ ತದ್ವಿರುದ್ಧವಾದದ್ದು ನಡೆಯಿತು. 1854ರ ವುಡ್ ಶಿಕ್ಷಣ ಆದೇಶದ ನಂತರ ಇನ್‌ಸ್ಪೆಕ್ಟರು, ಅನುದಾನ, ನಿಗದಿತ ಪಠ್ಯ, ವಾರ್ಷಿಕ ಪರೀಕ್ಷೆ ಒಂದೊಂದಾಗಿ ಬಂದವು. ಇಂಥ ವಯಸ್ಸಿಗೆ ಇಂಥ ತರಗತಿ, ಇಂಥ ತಿಂಗಳಿಗೆ ಇಂಥ ಪಾಠ. ಕೂಲಿ ಮಠ ಎನ್ನುತ್ತಿದ್ದ ಹಳೆಯ ಊರ ಶಾಲೆಯಲ್ಲಿ ಒಟ್ಟಿಗೆ ಕೂತಿದ್ದ ದೊಡ್ಡ ಚಿಕ್ಕ ಮಕ್ಕಳನ್ನು ಈ ಹೊಸ ಶಾಲೆ ಗೋಡೆ ಹಾಕಿ ಬೇರೆ ಮಾಡಿತು. ತರಗತಿ ಎನ್ನುವುದು ಅನಾದಿ ಕಾಲದ್ದು ಎಂಬಂತೆ ನಾವು ಮಾತಾಡುತ್ತೇವಲ್ಲ, ನಮ್ಮ ಊರುಗಳಲ್ಲಿ ಅದಕ್ಕೆ ಇನ್ನೂರು ವರ್ಷವೂ ತುಂಬಿಲ್ಲ.

ಈ ಕಟ್ಟಿನ ವಿರುದ್ಧ ಇಪ್ಪತ್ತನೆಯ ಶತಮಾನದಲ್ಲಿ ದನಿ ಎತ್ತಿದವರು ಒಬ್ಬಿಬ್ಬರಲ್ಲ. ಭಾವನಗರದಲ್ಲಿ ವಕೀಲಿ ಬಿಟ್ಟು ಮಕ್ಕಳ ಹಿಂದೆ ಬಿದ್ದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು; ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಒಂದು ವರ್ಷ ಪ್ರಯೋಗ ನಡೆಸುವ ಮೇಷ್ಟ್ರ ಕಥೆಯಾಗಿ ‘ದಿವಾಸ್ವಪ್ನ’ ಬರೆದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಪಾಠವನ್ನು ಆಟ, ಕುಣಿತ, ಕೈಕೆಲಸದ ಜತೆ ಬೆರೆಸಿ ನೋಡಿದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸರಿ ಯುದ್ಧದ ಕಾರಣ ವರ್ಷಗಟ್ಟಲೆ ಇಲ್ಲೇ ಉಳಿದರು. ಇವೆಲ್ಲ ದೊಡ್ಡ ಕೆಲಸವೇ. ಆದರೆ ಎಲ್ಲವೂ ಒಬ್ಬೊಬ್ಬ ಅಸಾಧಾರಣ ವ್ಯಕ್ತಿಯ ಸುತ್ತ ಬೆಳೆದವು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಸಾಮಾನ್ಯ ಮೇಷ್ಟ್ರು, ವರ್ಗಾವಣೆಯ ಭಯ, ಬರಬೇಕಾದ ಬಾಕಿ, ಜನಗಣತಿಯ ಡ್ಯೂಟಿ ಎಲ್ಲವನ್ನೂ ಹೊತ್ತುಕೊಂಡೇ ಮಾಡಬಹುದಾದ ಒಂದು ದಾರಿ ಬೇಕಿತ್ತು. ಅದು ಸಿಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ದಾರಿಯ ಒಂದು ತುದಿ ಕೋಲಾರ ಜಿಲ್ಲೆಯಲ್ಲಿತ್ತು. ಎರಡನೇ ಮಹಾಯುದ್ಧದ ವೇಳೆ ಬ್ರಿಟಿಷ್ ವಾಯುಪಡೆಯೊಂದಿಗೆ ಭಾರತಕ್ಕೆ ಬಂದ ಡೇವಿಡ್ ಹಾರ್ಸ್‌ಬರೋ ಇಲ್ಲಿಯವರೇ ಆಗಿಹೋದರು. ರಿಷಿವ್ಯಾಲಿಯಲ್ಲಿ ಕಲಿಸಿದರು, ಬ್ರಿಟಿಷ್ ಕೌನ್ಸಿಲಿನಲ್ಲಿ ದುಡಿದರು, 1972ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಗಡಿಯಂಚಿನಲ್ಲಿ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ಕಟ್ಟಿದರು. ಅಲ್ಲಿ ಪರೀಕ್ಷೆ ಇರಲಿಲ್ಲ, ಶಿಕ್ಷೆ ಇರಲಿಲ್ಲ, ತರಗತಿಗಳೂ ಇರಲಿಲ್ಲ. ಬೇರೆ ಬೇರೆ ವಯಸ್ಸಿನ ಹಳ್ಳಿಯ ಮಕ್ಕಳು ಒಂದೇ ಕಡೆ ಕೂತು ತಮ್ಮ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಹಾರ್ಸ್‌ಬರೋ ಶಿಕ್ಷಕರನ್ನೂ ಅಲ್ಲಿಯೇ ತಯಾರು ಮಾಡಿದರು. ಮುಂದೆ ಜೈಪುರದಲ್ಲಿ ದಿಗಂತರ್ ಎಂಬ ಶಿಕ್ಷಣ ಸಂಸ್ಥೆ ಕಟ್ಟಿದ ರೋಹಿತ್ ಧನಕರ್ ನೀಲ್‌ಬಾಗ್‌ನಲ್ಲಿ ತರಬೇತಾದವರು. 1984ರಲ್ಲಿ ಹಾರ್ಸ್‌ಬರೋ ತೀರಿಕೊಂಡರು. ಅವರ ವಿಚಾರ ಮಾತ್ರ ಗಡಿ ದಾಟಿ, ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿಯ ಸುತ್ತಲಿನ ಹಳ್ಳಿಗಳಲ್ಲಿ ಬೇರೊಂದು ರೂಪ ಪಡೆಯಿತು.

ರಿಷಿವ್ಯಾಲಿ ಎಂದರೆ ಜಿಡ್ಡು ಕೃಷ್ಣಮೂರ್ತಿಯವರ ಪ್ರೇರಣೆಯಿಂದ ಬೆಳೆದ ವಸತಿ ಶಾಲೆ. ಅದರಲ್ಲಿ ಓದುವವರು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳು. ಅದರ ಕಾಂಪೌಂಡಿನಾಚೆಗಿನ ಬರಡು ಹಳ್ಳಿಗಳಿಗೆ ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಎಂಬತ್ತರ ದಶಕದಲ್ಲಿ ಗ್ರಾಮೀಣ ಶಿಕ್ಷಣ ಕೇಂದ್ರ ರೂಪುಗೊಂಡಿತು. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಅಲ್ಲಿ ಒಂದೇ ಕೋಣೆಯ, ಒಬ್ಬರೇ ಶಿಕ್ಷಕರ ಶಾಲೆಗಳಿಗೆ ಹೊಂದುವಂತೆ ಪಾಠಗಳನ್ನು ಒಡೆದರು. ಒಂದು ವರ್ಷದ ಪಠ್ಯಪುಸ್ತಕ ನೂರಾರು ಕಾರ್ಡುಗಳಾಯಿತು. ಕಾರ್ಡುಗಳನ್ನು ಪೋಣಿಸಿದ ಕ್ರಮವೇ ಗೋಡೆಯ ಮೇಲೊಂದು ಏಣಿಯಾಯಿತು. ಓದಲು ಬಾರದ ಮಗುವಿಗೂ ತನ್ನ ಮುಂದಿನ ಕಾರ್ಡು ಯಾವುದೆಂದು ತಿಳಿಯಲಿ ಎಂದು ಪ್ರತಿ ಕಾರ್ಡಿಗೂ ಒಂದು ಪುಟ್ಟ ಚಿತ್ರ ಅಂಟಿತು. ‘ಪೆಟ್ಟಿಗೆಯೊಳಗಿನ ಶಾಲೆ’ ಎಂದು ಅದಕ್ಕೆ ಹೆಸರಾಯಿತು. ಹಾರ್ಸ್‌ಬರೋ ಕೈಯಲ್ಲಿ ಅದು ಒಬ್ಬ ಕಲಾವಿದನ ಕೆಲಸವಾಗಿತ್ತು. ಇಲ್ಲಿ ಹಂಚಬಹುದಾದ, ಕಲಿಸಿಕೊಡಬಹುದಾದ ಕಸುಬಾಯಿತು.

ಸರ್ಕಾರದ ಕಡೆಯಿಂದಲೂ ಗಾಳಿ ಆ ದಿಕ್ಕಿಗೆ ತಿರುಗಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಾಥಮಿಕ ಶಾಲೆಗೆ ಮಗು ಕೇಂದ್ರಿತ, ಚಟುವಟಿಕೆ ಆಧಾರಿತ ಕಲಿಕೆ ಎಂದು ಬರೆದಿಟ್ಟಿತು. ಮರುವರ್ಷ ಕಪ್ಪುಹಲಗೆ ಕಾರ್ಯಾಚರಣೆ ಬಂದು, ಪ್ರತಿ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂದಿತು. 1991ರಲ್ಲಿ ಯಾವ ತರಗತಿಯ ಮಗುವಿಗೆ ಕಡ್ಡಾಯವಾಗಿ ಏನು ಬರಬೇಕು ಎಂಬ ಕನಿಷ್ಠ ಕಲಿಕಾ ಮಟ್ಟಗಳ ಪಟ್ಟಿ ಬಂತು. 1993ರಲ್ಲಿ ಯಶಪಾಲ್ ಸಮಿತಿ, ಬೆನ್ನಿನ ಚೀಲಕ್ಕಿಂತ ಅರ್ಥವಾಗದೆ ಓದುವುದೇ ಮಗುವಿಗೆ ದೊಡ್ಡ ಹೊರೆ ಎಂದು ಎಚ್ಚರಿಸಿತು. ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ಹೊರೆ ಇಳಿಸಿ ಎಂಬ ಮಾತು. ಎರಡೂ ದೆಹಲಿಯಿಂದಲೇ ಬಂದವು. ಈ ಎಳೆದಾಟವೇ ಮುಂದೆ ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಒಳಗೂ ಸೇರಿಕೊಂಡಿತು.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಅಂದರೆ ಎಚ್.ಡಿ. ಕೋಟೆ ಅಥವಾ ಬರೀ ಕೋಟೆ, ಕಾಡಂಚಿನ ತಾಲ್ಲೂಕು. ನಾಗರಹೊಳೆ ಒಂದು ಮಗ್ಗುಲಿಗೆ, ಕಬಿನಿ ಹಿನ್ನೀರು ಇನ್ನೊಂದು ಮಗ್ಗುಲಿಗೆ. ಜೇನುಕುರುಬ, ಕಾಡುಕುರುಬ, ಯರವ ಸಮುದಾಯಗಳ ಹಾಡಿಗಳು; ಮಳೆ ನೆಚ್ಚಿದ ಬೇಸಾಯ; ಕಾಫಿ ಕೊಯ್ಲಿನ ಹೊತ್ತಿಗೆ ಕೊಡಗಿನ ತೋಟಗಳಿಗೆ ಗುಳೆ. ಅಪ್ಪ ಅಮ್ಮ ಹೊರಟರೆ ಮಕ್ಕಳೂ ಹೊರಡುತ್ತಿದ್ದರು. ಎರಡು ತಿಂಗಳು ಕಳೆದು ವಾಪಸ್ಸು ಬಂದ ಮಗುವಿಗೆ ಶಾಲೆಯಲ್ಲಿ ತನ್ನ ಜಾಗವೇ ಸಿಗುತ್ತಿರಲಿಲ್ಲ. ಪಾಠ ಹದಿನೈದಕ್ಕೆ ಹೋಗಿದೆ, ಮಗು ನಿಂತದ್ದು ಏಳರಲ್ಲಿ. ಮೇಷ್ಟ್ರು ಕಲ್ಲುಮನಸ್ಸಿನವರೇನಲ್ಲ, ಆದರೆ ಒಂದು ಮಗುವಿಗಾಗಿ ಐವತ್ತು ಮಕ್ಕಳನ್ನು ನಿಲ್ಲಿಸುವುದು ಹೇಗೆ? ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತ ಆ ಮಗು ಕೆಲವು ದಿನ ಬಂದು ಆಮೇಲೆ ಬಾರದೇ ಹೋಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅದರ ಹೆಸರು ‘ಶಾಲೆ ಬಿಟ್ಟ ಮಗು’ ಎಂದಾಗುತ್ತಿತ್ತು. ಯಾರು ಯಾರನ್ನು ಬಿಟ್ಟರು ಎಂದು ಪುಸ್ತಕ ಕೇಳುವುದಿಲ್ಲ.

1995ರಲ್ಲಿ, ಯುನಿಸೆಫ್ ನೆರವಿನಿಂದ, ನಲಿ-ಕಲಿ ಶುರುವಾದದ್ದು ಈ ತಾಲ್ಲೂಕಿನಲ್ಲಿ. ಅದಕ್ಕೂ ಮುಂಚೆ ಇಲ್ಲಿಯ ಸರ್ಕಾರಿ ಶಾಲೆಗಳ ಒಂದು ಚಿಕ್ಕ ಶಿಕ್ಷಕರ ತಂಡ ರಿಷಿವ್ಯಾಲಿಗೆ ಹೋಗಿಬಂದಿತ್ತು. ಅವರು ನೋಡಿದ್ದು ದೊಡ್ಡ ವಸತಿ ಶಾಲೆಯನ್ನಲ್ಲ, ಅದರ ಸುತ್ತಲಿನ ಹಳ್ಳಿಗಳ ಉಪಶಾಲೆಗಳನ್ನು. ಅಲ್ಲಿಯೂ ಒಂದೇ ಕೋಣೆ, ಮಣ್ಣು ಮೆತ್ತಿದ ಕಾಲು, ತಮ್ಮ ಶಾಲೆಗಿಂತ ಹೆಚ್ಚಿನ ಸೌಕರ್ಯವೇನೂ ಇಲ್ಲ. ಆದರೂ ಮಕ್ಕಳು ಎದ್ದು, ಏಣಿ ನೋಡಿ, ತಮ್ಮ ಕಾರ್ಡು ತೆಗೆದುಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಹಿಂದಿನ ಎಷ್ಟೋ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಗಳಿಂದ ಭಾಷಣ ಕೇಳಿ ಸುಸ್ತಾಗಿದ್ದ ಮೇಷ್ಟ್ರುಗಳಿಗೆ ಇದು ಬೇರೆಯಾಗಿ ಕಂಡಿತು. ಇಲ್ಲಿ ಯಾರೂ ಅವರಿಗೆ ಉಪದೇಶ ಮಾಡಿರಲಿಲ್ಲ. ಅವರು ತಮ್ಮಂಥವರ ಕೆಲಸವನ್ನು ತಮ್ಮ ಕಣ್ಣಿನಿಂದ ನೋಡಿದ್ದರು.

ವಾಪಸ್ಸು ಬಂದವರು ತೆಲುಗು ಕಾರ್ಡುಗಳನ್ನು ಕನ್ನಡಕ್ಕೆ ಇಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಕೂತು ತಾವೇ ಬರೆದರು. ಊರಿನ ಹಾಡು, ಒಗಟು, ಆಟಗಳು ಒಳಕ್ಕೆ ಬಂದವು. ಬರೆದ ಕಾರ್ಡನ್ನು ತಮ್ಮ ತರಗತಿಯಲ್ಲಿಟ್ಟು ನೋಡಿ, ಮಗು ಎಲ್ಲಿ ಎಡವಿತು ಎಂದು ಗುರುತು ಮಾಡಿಕೊಂಡು, ಶಿಕ್ಷಕರ ಸಭೆಯಲ್ಲಿ ಒಬ್ಬರದನ್ನೊಬ್ಬರು ತಿದ್ದಿದರು. ಸೇರಿದ್ದು ಕೂಡ ಆದೇಶದಿಂದಲ್ಲ, ಮನಸ್ಸಿದ್ದವರು ಬಂದರು. ಆಗ ಕರ್ನಾಟಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಚುಕ್ಕಾಣಿ ಹಿಡಿದಿದ್ದ ಐಎಎಸ್ ಅಧಿಕಾರಿ ಅನಿತಾ ಕೌಲ್ ಈ ಪ್ರಯೋಗದ ಬೆನ್ನಿಗೆ ನಿಂತವರು. ಅದರ ಕಥೆಯನ್ನು ಬರೆದು ಹೊರಜಗತ್ತಿಗೆ ತಿಳಿಸಿದವರು. ಅವರ ಬರಹದಲ್ಲಿ ಮತ್ತೆ ಮತ್ತೆ ಬರುವ ಒತ್ತು ಶಿಕ್ಷಕರ ಮೇಲೆ. ಇದು ಅವರೇ ಕಟ್ಟಿದ್ದು, ಅವರದೇ ಎನ್ನುವ ಭಾವ ಉಳಿಯಬೇಕು ಎಂಬುದು. ಶಿಕ್ಷಣ ಸಂಶೋಧನೆ ಎಂದರೆ ವಿಶ್ವವಿದ್ಯಾಲಯದವರು ಬಂದು ಪ್ರಶ್ನಾವಳಿ ತುಂಬಿಸಿಕೊಂಡು ಹೋಗುವುದು ಎಂದೇ ನಂಬಿದ್ದ ಕಾಲದಲ್ಲಿ, ಎಚ್.ಡಿ. ಕೋಟೆಯ ಮೇಷ್ಟ್ರುಗಳು ಮಾಡಿದ್ದಕ್ಕೆ ಬೇರೆ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಅದು ಸಂಶೋಧನೆಯೇ.

ನಲಿ-ಕಲಿ ತರಗತಿಯ ಒಳಗನ್ನು ನೋಡದವರಿಗೆ ಒಂದಿಷ್ಟು ವಿವರ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ನೆಲಕ್ಕೆ ಹತ್ತಿರವಾಗಿ, ಮಗುವಿನ ಕೈಗೆ ಎಟುಕುವಂತೆ ಗೋಡೆಯುದ್ದಕ್ಕೂ ಕಪ್ಪುಹಲಗೆಯ ಪಟ್ಟಿ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜಾಗ. ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ನೇತುಹಾಕುವ ಚಪ್ಪರ. ಬಂದ ತಕ್ಷಣ ಇವತ್ತು ಮೋಡವೋ ಬಿಸಿಲೋ ಎಂದು ಗುರುತಿಸುವ ಹವಾಮಾನ ನಕ್ಷೆ. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿನೊಳಗೆ ಹಾಡು ಕಥೆಯಿಂದ ಹಿಡಿದು ಅಭ್ಯಾಸ, ಮೌಲ್ಯಮಾಪನದವರೆಗೆ ಸಾಲುಸಾಲು ಮೆಟ್ಟಿಲು. ಮೌಲ್ಯಮಾಪನದಲ್ಲಿ ತಡವರಿಸಿದ ಮಗುವಿಗೆ ಪೂರಕ ಕಾರ್ಡು, ದಾಟಿದ್ದಕ್ಕೆ ಮುಂದಿನ ಮೈಲಿಗಲ್ಲು. ಯಾರು ಎಲ್ಲಿದ್ದಾರೆ ಎಂಬುದು ಪ್ರಗತಿ ನೋಟದಲ್ಲಿ.

ಕೂರುವುದು ಐದು ಗುಂಪಿನಲ್ಲಿ. ಹೊಸದನ್ನು ಕಲಿಯುತ್ತಿರುವವರು ಶಿಕ್ಷಕರ ಜತೆಗಿನ ಗುಂಪಿಗೆ. ಸ್ವಲ್ಪ ಕೈಹಿಡಿದರೆ ಸಾಕು ಎನ್ನುವವರು ಶಿಕ್ಷಕರ ಭಾಗಶಃ ಬೆಂಬಲದ ಗುಂಪಿಗೆ. ಮೂರು, ನಾಲ್ಕನೆಯ ಗುಂಪಿಗೆ ಸಹಪಾಠಿಗಳೇ ಆಸರೆ, ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಅರ್ಧ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗುಂಪು ಎಂದರೆ ಜಾಣರು ದಡ್ಡರು ಎಂದಲ್ಲ, ಕಾರ್ಡು ಬದಲಾದಂತೆ ಮಗುವಿನ ಗುಂಪೂ ಬದಲು. ಬೆಳಿಗ್ಗೆ ಕನ್ನಡದಲ್ಲಿ ಮೊದಲ ಗುಂಪಿನಲ್ಲಿದ್ದವಳು ಮಧ್ಯಾಹ್ನ ಗಣಿತದಲ್ಲಿ ಐದನೆಯದಕ್ಕೆ ಹೋಗಬಹುದು. ಬಳ್ಳಾರಿಯ ಕಲೆಕ್ಟರ್ ಮೆಚ್ಚಿಕೊಂಡ ಪದ್ಧತಿ ಎಲ್ಲೆಲ್ಲೋ ಸುತ್ತಿ ಮತ್ತೆ ಕನ್ನಡ ಶಾಲೆಗೆ ಬಂದಿತ್ತು, ಈ ಸಲ ಬೆತ್ತದ ಲೆಕ್ಕವಿಲ್ಲದೆ. ಕೊಡಗಿನಿಂದ ವಾಪಸ್ಸಾದ ಮಗುವೂ ಏಣಿಯಲ್ಲಿ ತಾನು ನಿಂತಿದ್ದ ಮೆಟ್ಟಿಲು ಹುಡುಕಿಕೊಂಡು ಅಲ್ಲಿಂದಲೇ ಹೊರಡಬಹುದಿತ್ತು. ನನ್ನ ಲೆಕ್ಕದಲ್ಲಿ ನಲಿ-ಕಲಿಯ ಅತಿ ದೊಡ್ಡ ಕೊಡುಗೆ ಇದು. ಹಾಡು ಕುಣಿತಗಳಿಗೆ ಫೋಟೋದಲ್ಲಿ ಮೊದಲ ಜಾಗ ಸಿಗುತ್ತದೆ, ಆದರೆ ಗೈರುಹಾಜರಿಗೆ ಶಿಕ್ಷೆ ಕೊಡದ ಶಾಲೆ ಅದಕ್ಕಿಂತ ಅಪರೂಪದ್ದು.

ಅಕ್ಷರ ಕಲಿಸುವ ಕ್ರಮವೂ ಬದಲಾಯಿತು. ಅ ಆ ಇ ಈ ಅಲ್ಲ, ‘ರ ಗ ಸ ದ ಅ’. ಬರೆಯಲು ಸುಲಭ, ಮೊದಲ ಐದಕ್ಕೇ ಪದಗಳು ಹುಟ್ಟುತ್ತವೆ: ಸರ, ರಸ, ದರ, ಅಗಸ, ಅರಸ. ಆಮೇಲೆ ‘ಜ ವ ಮ ಬ ನ’. ವರ್ಣಮಾಲೆಯನ್ನು ತಲೆಕೆಳಗು ಮಾಡಿದ್ದು ಅನೇಕ ಮನೆಗಳಲ್ಲಿ ರಗಳೆಗೆ ಕಾರಣವಾಯಿತು. ಶಾಲೆಗೆ ಹೋಗುವ ಮಗುವಿಗೆ ಅ ಆ ಇ ಈ ಒಪ್ಪಿಸಲು ಬರುವುದಿಲ್ಲ, ಕೈಯಲ್ಲಿ ಪುಸ್ತಕವಿಲ್ಲ, ಹೋಂವರ್ಕ್ ಇಲ್ಲ, ಬರೀ ಆಟವಂತೆ ಎಂಬ ದೂರು ಕೇಳದ ನಲಿ-ಕಲಿ ಟೀಚರ್ ಸಿಗುವುದು ಕಷ್ಟ. ದೂರುವವರನ್ನು ಹಳೇ ಕಾಲದವರೆಂದು ನಕ್ಕುಬಿಡುವುದು ಸುಲಭ. ತಾವು ಓದದೆ ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಗಳಿಗೆ ಕಲಿಕೆಯ ಗುರುತಾಗಿ ಕಾಣುವುದು ಪುಸ್ತಕ, ಮಗ್ಗಿ, ಒಪ್ಪಿಸುವ ದನಿ. ಅದನ್ನೆಲ್ಲ ಕಿತ್ತು ಗೋಡೆಯ ಏಣಿಯ ಮೇಲಿಟ್ಟರೆ ಮಗು ಏನು ಕಲಿಯುತ್ತಿದೆ ಎಂದು ಅವರು ನೋಡುವುದಾದರೂ ಎಲ್ಲಿ? ಆ ಭಾಷೆಯನ್ನು ಪೋಷಕರಿಗೆ ಬಿಡಿಸಿ ಹೇಳುವ ಕೆಲಸ ಎಲ್ಲ ಕಡೆಯೂ ಆಗಲಿಲ್ಲ.

ಹರಡಿದ ಕಥೆಯನ್ನು ಬೇಗ ಹೇಳಬಹುದು. ಕೋಟೆಯಿಂದ ಅದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಬೇರೆ ತಾಲ್ಲೂಕುಗಳಿಗೆ ಹೋಯಿತು. 2003ರಲ್ಲಿ ಚೆನ್ನೈ ಪಾಲಿಕೆ, ಎಂ.ಪಿ. ವಿಜಯಕುಮಾರ್ ಅವರ ಮುಂದಾಳತ್ವದಲ್ಲಿ, ರಿಷಿವ್ಯಾಲಿಯ ಮಾದರಿಯನ್ನು ತನ್ನ 13 ಶಾಲೆಗಳಲ್ಲಿ ಹಿಡಿಯಿತು. ನಾಲ್ಕು ವರ್ಷದಲ್ಲಿ ಅದು ತಮಿಳುನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಕರ್ನಾಟಕದಲ್ಲಿ 2009-10ರಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಒಂದು, ಎರಡನೇ ತರಗತಿಗೆ ನಲಿ-ಕಲಿಯೇ ಪದ್ಧತಿ ಎಂದಾಯಿತು. ಮರುವರ್ಷ ಮೂರನೇ ತರಗತಿಯೂ ಸೇರಿತು. ಬೀದರಿನ ಶಾಲೆಗೂ ಚಾಮರಾಜನಗರದ ಶಾಲೆಗೂ ಒಂದೇ ಏಣಿ, ಒಂದೇ ಕಾರ್ಡು, ಬೆಂಗಳೂರಿನಲ್ಲಿ ಅಚ್ಚಾಗಿ ಬಂದದ್ದು.

ಇಲ್ಲಿಂದ ಕಥೆಗೆ ತೊಡಕು ಬೀಳುತ್ತದೆ. ಮೊದಲಿನವರಿಗೆ ಕಾರ್ಡು ಎಂದರೆ ತಾವು ಬರೆದದ್ದು. ಸರಿಬರದಿದ್ದರೆ ಹರಿದು ಹಾಕಿ ಇನ್ನೊಂದು ಬರೆಯಬಹುದು. ಹದಿನೈದು ವರ್ಷದ ಮೇಲೆ ಆದೇಶದ ಮೂಲಕ ಅದೇ ಕಾರ್ಡು ಕೈಗೆ ಬಂದ ಶಿಕ್ಷಕಿಗೆ ಅದು ಇಲಾಖೆಯ ಆಸ್ತಿ. ಕಳೆದರೆ ಉತ್ತರ ಕೊಡಬೇಕು, ಬದಲಿಸಿದರೆ ಮೇಲಿನವರು ಕೇಳುತ್ತಾರೆ. ಮೂರು ತರಗತಿಯ ಮಕ್ಕಳು, ಒಬ್ಬೊಬ್ಬರೂ ಒಂದೊಂದು ಮೆಟ್ಟಿಲಿನಲ್ಲಿ, ಪ್ರತಿಯೊಬ್ಬರ ದಾಖಲೆ ಪ್ರತ್ಯೇಕ. ಮೊದಲ ಗುಂಪಿನಲ್ಲಿ ಕೂತಾಗ ಐದನೆಯ ಗುಂಪು ನಿಜವಾಗಿ ಕಲಿಯುತ್ತಿದೆಯೋ ಕಾರ್ಡು ತಿರುಗಿಸುತ್ತಿದೆಯೋ ನೋಡಲು ಇನ್ನೊಂದು ಜೊತೆ ಕಣ್ಣು ಬೇಕು.

ಈ ಬಿರುಕನ್ನು ಹತ್ತಿರದಿಂದ ನೋಡಿದವರು ಶಿಕ್ಷಣದ ಸಮಾಜಶಾಸ್ತ್ರಜ್ಞೆ ಆರತಿ ಶ್ರೀಪ್ರಕಾಶ್. ಕರ್ನಾಟಕದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಕೂತು, ಪಾಠ ನೋಡಿ, ಶಿಕ್ಷಕರೊಂದಿಗೆ ಮಾತಾಡಿ ಅವರು ಬರೆದ ಲೇಖನಗಳು 2009ರಿಂದ ಪ್ರಕಟವಾಗತೊಡಗಿದವು, 2012ರಲ್ಲಿ ಪುಸ್ತಕವಾಯಿತು. ಶಾಲೆಯೊಳಗೆ ಅಧಿಕಾರ ಹೇಗೆ ಹಂಚಿಹೋಗಿರುತ್ತದೆ ಎಂದು ಅಳೆಯಲು ಇಂಗ್ಲೆಂಡಿನ ಬೇಸಿಲ್ ಬರ್ನ್‌ಸ್ಟೀನ್ ಕೊಟ್ಟ ಕೆಲವು ಪರಿಕಲ್ಪನೆಗಳನ್ನು ಅವರು ಬಳಸಿಕೊಂಡರು. ಅವರು ಕಂಡದ್ದರ ಸಾರ: ಹೊರನೋಟಕ್ಕೆ ತರಗತಿ ಸಡಿಲವಾಗಿದೆ, ಮೇಷ್ಟ್ರು ನೆಲದ ಮೇಲೆ ಮಕ್ಕಳ ಜತೆ ಕೂರುತ್ತಾರೆ, ಹೆದರಿಕೆ ಕಡಿಮೆಯಾಗಿದೆ. ಆದರೆ ಏನು ಕಲಿಯಬೇಕು, ಯಾವುದರ ಮೇಲೆ ಯಾವುದು ಎಂಬುದನ್ನು ಏಣಿ ಮೊದಲೇ ಬಿಗಿದು ಕಟ್ಟಿಬಿಟ್ಟಿದೆ. ಮಗುವಿಗೆ ವೇಗದ ಸ್ವಾತಂತ್ರ್ಯವಿದೆ, ದಾರಿಯ ಸ್ವಾತಂತ್ರ್ಯವಿಲ್ಲ. ಶಿಕ್ಷಕರಿಗೆ ಎರಡೂ ಇಲ್ಲ. ಕೆಲಸ ಹೆಚ್ಚಿದೆ, ಕೈಯಲ್ಲಿದ್ದ ಹಿಡಿತ ಹೋಗಿದೆ. ಓದುಬರಹವಿಲ್ಲದವರ ಮಕ್ಕಳ ಬಗ್ಗೆ ಹಲವು ಶಿಕ್ಷಕರ ಮನಸ್ಸಿನಲ್ಲಿದ್ದ ಹಳೆಯ ತಾತ್ಸಾರವೂ ಕಾರ್ಡು ಬದಲಾದ ಮಾತ್ರಕ್ಕೆ ಕರಗಿರಲಿಲ್ಲ.

ಈ ವಿಮರ್ಶೆಯನ್ನು ನಲಿ-ಕಲಿಯ ಕೆಲವು ಅಭಿಮಾನಿಗಳು ಇಷ್ಟಪಡಲಾರರು. ಆದರೆ ಕೋಟೆಯ ಮೊದಲ ವರ್ಷಗಳನ್ನು ನೆನೆದು ಓದಿದರೆ ಇದು ಆ ಪ್ರಯೋಗದ ಪರವಾದ ಸಾಕ್ಷಿಯೇ. ಅಲ್ಲಿ ಏಣಿ ಬಿಗಿಯಾಗಿರಲಿಲ್ಲ, ಏಕೆಂದರೆ ಅದನ್ನು ಕಟ್ಟುವವರು ಕೋಣೆಯೊಳಗೇ ಇದ್ದರು.

ಇನ್ನೊಂದು ಸಾಲಿನ ಸಂಶೋಧನೆ ಬೇರೆ ಪ್ರಶ್ನೆ ಹಿಡಿದು ಹೊರಟಿತ್ತು: ಕನ್ನಡ ಮಗು ಓದಲು ಕಲಿಯುವುದು ಹೇಗೆ? ಇದರ ಬಗ್ಗೆ ನಮ್ಮಲ್ಲಿ ಬಹುಕಾಲ ಹೆಚ್ಚು ಜನ ತಲೆಕೆಡಿಸಿಕೊಂಡಿರಲಿಲ್ಲ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಬಗ್ಗೆ ಕಪಾಟು ತುಂಬುವಷ್ಟು ಅಧ್ಯಯನ, ನಮ್ಮ ಕಾಗುಣಿತದ ಬಗ್ಗೆ ಬೆರಳೆಣಿಕೆ. ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊರತೆಯನ್ನು ತುಂಬುವ ಕೆಲಸಕ್ಕೆ ದಾರಿ ತೆರೆಯಿತು. ಇಂಗ್ಲಿಷ್ ಮಗು ಒಂದು ವರ್ಷದಲ್ಲಿ ತನ್ನ ಅಕ್ಷರಗಳನ್ನು ಮುಗಿಸುವಾಗ, ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಎದುರಿಸುವ ಕನ್ನಡ ಮಗುವಿಗೆ ನಾಲ್ಕನೇ ತರಗತಿಯವರೆಗೂ ಆ ಕಲಿಕೆ ಮುಂದುವರಿಯುತ್ತದೆ ಎಂದು ಅದು ತೋರಿಸಿತು. ಪದದೊಳಗಿನ ಬಿಡಿ ಧ್ವನಿಗಳ ಅರಿವೂ ನಿಧಾನವಾಗಿಯೇ ಬರುತ್ತದೆ. ಮೂರನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ಮಗುವಿನ ಮಂಕುತನವಲ್ಲ, ಲಿಪಿಯ ಸ್ವಭಾವ.

ಹಾಗಿದ್ದರೆ ಅಕ್ಷರಗಳನ್ನು ಇಷ್ಟಿಷ್ಟಾಗಿ ಕೊಡುವ ಏಣಿ ಸರಿಯಲ್ಲವೇ? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯಲ್ಲೂ ಮಹಾರಾಷ್ಟ್ರದ ವಾಡಾದಲ್ಲೂ 2013ರಿಂದ 2016ರವರೆಗೆ ಒಂದನೇ ತರಗತಿಯ ಮಕ್ಕಳನ್ನು ಮೂರನೇ ತರಗತಿ ಮುಗಿಯುವ ತನಕ ಹಿಂಬಾಲಿಸಿದರು. ಯಾದಗಿರಿಯ ಶಾಲೆಗಳಲ್ಲಿದ್ದದ್ದು ನಲಿ-ಕಲಿ. ಕಂಡದ್ದು ಸಂತೋಷ ಕೊಡುವಂಥದ್ದಲ್ಲ. ಮೂರು ವರ್ಷದ ಕೊನೆಗೂ ಬಹಳಷ್ಟು ಮಕ್ಕಳು ಒಂದು ಚಿಕ್ಕ ಕಥೆಯನ್ನು ಓದಿ ಅರ್ಥ ಹೇಳುವ ಹಂತಕ್ಕೆ ಬಂದಿರಲಿಲ್ಲ. ಸಂಶೋಧಕರು ಬೆರಳು ಮಾಡಿದ್ದು ಕಲಿಕೆಯ ಜೋಡಣೆಯ ಕಡೆಗೆ. ಲಿಪಿ ಕಲಿಯುವುದಕ್ಕೇ ತಿಂಗಳುಗಟ್ಟಲೆ. ಅಷ್ಟು ಹೊತ್ತು ಅರ್ಥ, ಮಾತು, ಕಥೆ ಕಾಯುತ್ತ ನಿಲ್ಲುತ್ತವೆ. ಮೂಲಾಕ್ಷರಗಳಷ್ಟರಲ್ಲೇ ಬರೆಯಬಹುದಾದ ವಾಕ್ಯದಲ್ಲಿ ಮಗುವಿನ ಬದುಕು ಎಷ್ಟು ಹಿಡಿಸೀತು? ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳೂ ಇರುವ ಆ ಸೀಮೆಯಲ್ಲಿ ಈ ಪ್ರಶ್ನೆ ಇನ್ನೂ ಹರಿತ. ತಮ್ಮದೇ ಮಾತು ಕೋಣೆಯೊಳಗೆ ಬಾರದಿದ್ದರೆ ಅಕ್ಷರ ದಾಟಿದ ಮೇಲೂ ಅರ್ಥ ಸಿಗುವುದು ಅನುಮಾನ. ಕ್ಯಾಂಪ್‌ಬೆಲ್ ಬಳ್ಳಾರಿಯ ಶಾಲೆಗಳ ಬಗ್ಗೆ ಗಿಳಿಯ ಮಾತು ತೆಗೆದದ್ದೂ ಇಂಥದೇ ಕಾರಣಕ್ಕೆ.

ಗಿಳಿಪಾಠ ಬಿಡಿಸಲೆಂದೇ ಹುಟ್ಟಿದ ಪದ್ಧತಿಯಲ್ಲಿ ಗಿಳಿ ಬೇರೆ ಬಾಗಿಲಿನಿಂದ ಒಳಬಂದದ್ದು ವಿಪರ್ಯಾಸ. ಆದರೆ ಇದನ್ನು ಹಿಡಿದುಕೊಂಡು ‘ನಲಿ-ಕಲಿ ಸೋತಿತು, ಹಳೆಯ ಪದ್ಧತಿಗೆ ಮರಳೋಣ’ ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಮೆನನ್ ತಂಡದವರು ಕೇಳಿದ್ದು ಹೆಚ್ಚಿನ ಕಥೆ, ಹೆಚ್ಚಿನ ಮಾತು, ಮೊದಲ ದಿನದಿಂದಲೇ ಅರ್ಥವಿರುವ ಓದು. ಅವರು ಬೆತ್ತವನ್ನೂ ಕೇಳಲಿಲ್ಲ, ಮಗ್ಗಿಯ ಕೋರಸ್ಸನ್ನೂ ಕೇಳಲಿಲ್ಲ. ಹಳೆಯ ಪದ್ಧತಿಯಲ್ಲಿ ಅವೆರಡು ಬಿಟ್ಟರೆ ಕೋಟೆಯ ಹಾಡಿಯ ಮಗುವಿಗೆ ಇದ್ದದ್ದು ಹಿಂದಿನ ಸಾಲು ಮಾತ್ರ.

ಇನ್ನೊಂದು ಕಾರಣಕ್ಕೂ ಹಿಂದಿರುಗುವ ದಾರಿ ಇಲ್ಲ. ಅನಿತಾ ಕೌಲ್ ಮುಂದೆ ದೆಹಲಿಗೆ ಹೋಗಿ, ಶಿಕ್ಷಣ ಹಕ್ಕು ಕಾಯ್ದೆ ರೂಪುಗೊಳ್ಳುವ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಆ ಕಾಯ್ದೆಯ 29ನೇ ಕಲಮು, ಮಗುವಿಗೆ ಹೆದರಿಕೆಯಿರದ, ಚಟುವಟಿಕೆಯ, ಹುಡುಕಾಟದ, ಮಗು ಕೇಂದ್ರಿತ ಕಲಿಕೆ ಸಿಗಬೇಕು ಎನ್ನುತ್ತದೆ. ಕೋಟೆಯ ಕೋಣೆಗಳಲ್ಲಿ ಪ್ರಯೋಗವಾಗಿದ್ದದ್ದು ದೇಶದ ಕಾನೂನಾಯಿತು. ಅದೇ ಕಾಯ್ದೆಯ ಅನುಸೂಚಿಯನ್ನು ತಿರುವಿ ನೋಡಿದರೆ, ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು ಸಾಕು ಎಂದಿದೆ. ಅಂದರೆ ಐದು ತರಗತಿಯನ್ನು ಇಬ್ಬರು ಹಂಚಿಕೊಳ್ಳಬೇಕು, ಇದು ಅಪವಾದವಲ್ಲ, ನಿಯಮ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಷ್ಟೂ ಈ ನಿಯಮ ಹೆಚ್ಚು ಶಾಲೆಗಳಿಗೆ ತಗಲುತ್ತದೆ. ತಮಿಳುನಾಡು 2022ರಲ್ಲಿ ‘ಎಣ್ಣುಂ ಎಳುತ್ತುಂ’ ಎಂಬ ಹೊಸ ಕಾರ್ಯಕ್ರಮ ತಂದಾಗಲೂ ಮೂರು ತರಗತಿಯ ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕ ಗುಂಪಾಗಿ ಕೂರಿಸುವುದನ್ನು ಬಿಡಲಾಗಲಿಲ್ಲ. ನಮ್ಮಲ್ಲೂ ಏಣಿ ಬೇಕೋ ಬೇಡವೋ ಎಂದು ಆಗಾಗ ಚರ್ಚೆಯೇಳುತ್ತದೆ. ಕೇಳಬೇಕಾದದ್ದು ಬೇರೆ ಇದೆ: ಯಾದಗಿರಿಯ ಲಂಬಾಣಿ ತಾಂಡಾದ ಶಾಲೆಯಲ್ಲಿ ಒಂದು ಕಾರ್ಡು ಮಕ್ಕಳಿಗೆ ಹೊಂದುತ್ತಿಲ್ಲ ಎಂದು ಶಿಕ್ಷಕಿಗೆ ಗೊತ್ತಾದ ದಿನ, ಅದನ್ನು ತೆಗೆದು ತನ್ನದೊಂದನ್ನು ಬರೆದಿಡಲು, 1995ರ ಕೋಟೆಯ ಮೇಷ್ಟ್ರುಗಳಿಗಿದ್ದ ಅನುಮತಿ ಆಕೆಗೆ ಇದೆಯೇ, ಬರೆಯಲು ಒಂದು ಮಧ್ಯಾಹ್ನದ ಬಿಡುವು ಇದೆಯೇ.